ಬೈಕು ತಗೊಳ್ಳುವ ಮೊದಲು ಮನೆಯ ಏರು ನೋಡಿ

ಅಕ್ಕನ ಮಗನಿಗೆ 18 ತುಂಬಿ ನಾಲ್ಕು ತಿಂಗಳಾಯಿತು. ಲೈಸೆನ್ಸ್ ಕೈಗೆ ಬಂದ ದಿನ ಸಂಜೆಯೇ ಮೊಬೈಲು ಹಿಡಿದುಕೊಂಡು ನಮ್ಮ ಮನೆಗೆ ಬಂದ. "ಚಿಕ್ಕಮ್ಮ, ಇದು ಹೇಗೆ?" ಫೋಟೋದಲ್ಲಿ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350. ಅದರ ಹಿಂದೆ ಹಿಮದ ಬೆಟ್ಟ. ನಾನು ಕೇಳಿದ್ದು ಒಂದೇ ಪ್ರಶ್ನೆ. "ನಿಮ್ಮ ಮನೆಯ ಏರಿನಲ್ಲಿ ಅರ್ಧಕ್ಕೆ ಇದನ್ನು ನಿಲ್ಲಿಸಿದರೆ ಮತ್ತೆ ಹೊರಡಿಸ್ತೀಯಾ?" ಹುಡುಗ ಮಾತಾಡಲಿಲ್ಲ. ಚಹಾ ಕುಡಿದು ಹೋದ.

ನಾನು ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರದವಳು. ಸಹಕಾರಿ ಸಂಘಕ್ಕೆ ಪಿಗ್ಮಿ ಸಂಗ್ರಹ ಮಾಡುತ್ತೇನೆ. 14 ವರ್ಷವಾಯಿತು. ಬೆಳಿಗ್ಗೆ ಪೇಟೆಯ ಅಂಗಡಿಗಳು, ಮಧ್ಯಾಹ್ನದ ಮೇಲೆ ಮನೆ ಮನೆ. ಶೇಣಿ, ಬಜಕೂಡ್ಲು, ಅಡ್ಕಸ್ಥಳ, ಸ್ವರ್ಗ. ಹೌದು, ನಮ್ಮಲ್ಲಿ ಸ್ವರ್ಗ ಅಂತ ಒಂದು ಊರಿದೆ. ಬೈಕಲ್ಲಿ ಅಲ್ಲಿಗೆ ಹೋಗಬೇಕು, ಕತ್ತಲಾಗುವ ಮೊದಲು ವಾಪಸ್ಸೂ ಬರಬೇಕು. ನನ್ನ ಎತ್ತರ 5 ಅಡಿ 1 ಇಂಚು. ಓಡಿಸುವುದು ಹೀರೋ ಸ್ಪ್ಲೆಂಡರ್. "ಸ್ಕೂಟರ್ ಯಾಕೆ ತಗೊಳ್ಳಲಿಲ್ಲ?" ಅಂತ ಇವತ್ತಿಗೂ ಕೇಳುವವರಿದ್ದಾರೆ. ಸ್ಪ್ಲೆಂಡರಿನ ಚಕ್ರ 18 ಇಂಚು. ಸ್ಕೂಟರಿನ ಹಿಂದಿನ ಚಕ್ರ ಸಾಮಾನ್ಯವಾಗಿ 10ರಿಂದ 12 ಇಂಚು. ಮಳೆನೀರು ಕೊರೆದ ಮುರಕಲ್ಲಿನ ದಾರಿಯಲ್ಲಿ ಸಣ್ಣ ಚಕ್ರ ಹೊಂಡಕ್ಕೆ ಇಳಿಯುತ್ತದೆ, ದೊಡ್ಡ ಚಕ್ರ ದಾಟಿಕೊಂಡು ಹೋಗುತ್ತದೆ. ಕಾರಣ ಅಷ್ಟೇ.

ನಮ್ಮ ಕಡೆಯ ಮನೆಗಳು ರಸ್ತೆ ಬದಿಯಲ್ಲಿ ಇರುವುದಿಲ್ಲ. ಚೆರ್ಕಳ-ಕಲ್ಲಡ್ಕ ರಸ್ತೆಯಿಂದ ಒಳಗೆ ತಿರುಗಿದರೆ ಮೊದಲು ಪಂಚಾಯತಿನ ಕಾಂಕ್ರೀಟು, ಆಮೇಲೆ ಮಣ್ಣು, ಆಮೇಲೆ ತೋಟದ ಬದಿ, ಕೊನೆಗೆ ಗುಡ್ಡೆಗೆ ಹತ್ತುವ ಒಂದು ಏರು. ಬೈಕು ಕಂಪನಿಯವರು ಜಾಹೀರಾತು ತೆಗೆಯುವ ರಸ್ತೆ ಬೇರೆ. ನೀವು ದಿನಕ್ಕೆ ಎರಡು ಸಲ ಓಡಿಸುವ ರಸ್ತೆ ಬೇರೆ. ಹಾಗಾಗಿ ಮೊದಲ ಬೈಕು ಹುಡುಕುವಾಗ ಹೈವೇ ಮರೆತುಬಿಡಿ. ಡಾಮರು ಮುಗಿದಲ್ಲಿಂದ ನಿಮ್ಮ ಅಂಗಳದ ತನಕ ಇರುವ ಅರ್ಧ ಕಿಲೋಮೀಟರ್ ಇದೆಯಲ್ಲಾ, ಬೈಕು ಅದಕ್ಕೆ ಹೊಂದಬೇಕು.

ಇದು ನನಗೆ ಬಿದ್ದು ಗೊತ್ತಾದದ್ದು. ನನ್ನ ಮೊದಲ ಬೈಕು ನೆಂಟರೊಬ್ಬರು ಕೊಟ್ಟ 150 ಸಿಸಿಯ ಹಳೆಯದು. ರೇಟು ಕಮ್ಮಿ ಅಂತ ತಗೊಂಡೆ. ತೂಕ 145 ಕಿಲೋದ ಹತ್ತಿರ. ಆಗ ನನ್ನ ತೂಕ 46. ಜೂನ್ ತಿಂಗಳ ಒಂದು ಸಂಜೆ, ಕಲೆಕ್ಷನ್ ಮುಗಿಸಿ ಒಂದು ತೋಟದ ದಾರಿಯಲ್ಲಿ ಇಳಿದು ಬರುತ್ತಿದ್ದೆ. ಅಡ್ಡಕ್ಕೆ ಒಂದು ಅಡಿಕೆ ಸೋಗೆ ಬಿದ್ದಿತ್ತು. ಅದರ ಹಾಳೆಯ ಒಳಮೈ ಮೇಲ್ಮುಖವಾಗಿತ್ತು. ಮಕ್ಕಳು ಅದರಲ್ಲಿ ಕೂತು ಜಾರಿ ಆಡುವುದು ನೋಡಿದ್ದೀರಲ್ಲ, ಒದ್ದೆಯಾದರೆ ಇನ್ನೂ ಚಂದ ಜಾರುತ್ತದೆ. ಮುಂದಿನ ಚಕ್ರ ಅದರ ಮೇಲೆ ಹೋಯಿತು, ನಾನು ಮುಂದಿನ ಬ್ರೇಕು ಹಿಡಿದೆ. ಆಮೇಲೆ ಬೈಕು ಒಂದು ಕಡೆ, ನಾನು ಒಂದು ಕಡೆ, ಪಿಗ್ಮಿ ಚೀಲ ತೋಡಿನ ಬದಿಯಲ್ಲಿ. ಪೆಟ್ಟು ಜಾಸ್ತಿ ಆಗಲಿಲ್ಲ. ಆದರೆ ಎಬ್ಬಿಸಲು ಆಗಲಿಲ್ಲ. ಎಷ್ಟು ಎಳೆದರೂ ಹ್ಯಾಂಡಲ್ ಮಾತ್ರ ತಿರುಗುತ್ತದೆ, ಬೈಕು ಅಲ್ಲೇ. ಟ್ಯಾಂಕಿನ ಮುಚ್ಚಳದಿಂದ ಪೆಟ್ರೋಲು ತೊಟ್ಟಿಕ್ಕುತ್ತಿತ್ತು. ಕಾಲು ಗಂಟೆ ಮಳೆಯಲ್ಲಿ ಹಾಗೇ ನಿಂತೆ. ಮದ್ರಸ ಬಿಟ್ಟು ಬರುತ್ತಿದ್ದ ಇಬ್ಬರು ಹುಡುಗರು ಕೊಡೆ ಪಕ್ಕಕ್ಕಿಟ್ಟು ಎಬ್ಬಿಸಿಕೊಟ್ಟರು.

ಬಿದ್ದ ಬೈಕು ಎಬ್ಬಿಸಲೂ ಒಂದು ಕ್ರಮ ಇದೆ ಅಂತ ಆಮೇಲೆ ಗೊತ್ತಾಯಿತು. ಮೊದಲು ಕೀ ಆಫ್ ಮಾಡಿ. ಇಳಿಜಾರಾದರೆ ಗೇರಿಗೆ ಹಾಕಿ, ಉರುಳುವುದಿಲ್ಲ. ಬಲಕ್ಕೆ ಬಿದ್ದಿದ್ದರೆ ಸೈಡ್ ಸ್ಟ್ಯಾಂಡ್ ಮೊದಲೇ ಬಿಡಿಸಿಟ್ಟುಕೊಳ್ಳಿ. ಇಲ್ಲದಿದ್ದರೆ ಎಬ್ಬಿಸಿದ್ದು ಆ ಕಡೆಗೆ ಬೀಳುತ್ತದೆ. ಹ್ಯಾಂಡಲನ್ನು ಪೂರ್ತಿ ತಿರುಗಿಸಿ. ಬೈಕಿಗೆ ಬೆನ್ನು ಹಾಕಿ ಕುಕ್ಕರುಗಾಲಲ್ಲಿ ಕೂತು, ಸೊಂಟವನ್ನು ಸೀಟಿಗೆ ಒತ್ತಿ, ಒಂದು ಕೈಯಲ್ಲಿ ಹ್ಯಾಂಡಲ್, ಇನ್ನೊಂದರಲ್ಲಿ ಹಿಂದಿನ ಹಿಡಿಕೆ ಹಿಡಿದು ಸಣ್ಣ ಸಣ್ಣ ಹೆಜ್ಜೆಯಲ್ಲಿ ಹಿಂದಕ್ಕೆ ತಳ್ಳಿ. ಬಲ ಕಾಲಿನಿಂದ ಬರಬೇಕು, ಬೆನ್ನಿನಿಂದ ಅಲ್ಲ. ತಗೊಳ್ಳುವ ಬೈಕನ್ನು ಹೀಗೆ ಒಬ್ಬರೇ ಎಬ್ಬಿಸಲು ಆಗುತ್ತದಾ ಅಂತ ಮೊದಲೇ ಯೋಚಿಸಿ. ಶೋರೂಮಿನಲ್ಲಿ ಮಲಗಿಸಿ ನೋಡಲು ಬಿಡುವುದಿಲ್ಲ, ಗೆಳೆಯನ ಬೈಕಾದರೆ ಹುಲ್ಲಿನ ಮೇಲೆ ಮಲಗಿಸಿ ನೋಡಬಹುದು. ಗೆಳೆಯ ಒಪ್ಪಿದರೆ.

ಕ್ಲಾಸಿಕ್ 350ರ ತೂಕ 195 ಕಿಲೋ. ಅಡಿಕೆ ಗೋಣಿ ಒಂದಕ್ಕೆ 65 ಕಿಲೋ ಅಂತ ಇಟ್ಟುಕೊಂಡರೆ ಸರಿಯಾಗಿ ಮೂರು ಗೋಣಿ. ಹುಡುಗನಿಗೆ ಹೀಗೆ ಹೇಳಿದ ಮೇಲೆಯೇ ಅದರ ಭಾರ ಅರ್ಥವಾದದ್ದು. ಅವನ ತೂಕ 54. ಸ್ಪ್ಲೆಂಡರ್ 112 ಕಿಲೋ, ಹೋಂಡಾ ಶೈನ್ 125 ಸುಮಾರು 113, ಟಿವಿಎಸ್ ರೈಡರ್ 123, ಪಲ್ಸರ್ 125 ಆದರೆ 140ರ ಆಚೀಚೆ. ಬುಲೆಟ್ಟಿನ ಮೇಲೆ ನನಗೇನೂ ಸಿಟ್ಟಿಲ್ಲ. ಓಡುವಾಗ ಆ ಭಾರ ಗೊತ್ತೂ ಆಗುವುದಿಲ್ಲ. ನಿಲ್ಲಿಸುವಾಗ, ತಿರುಗಿಸುವಾಗ, ಹಿಂದಕ್ಕೆ ತೆಗೆಯುವಾಗ ಗೊತ್ತಾಗುತ್ತದೆ. ಹೊಸಬರು ಬೈಕು ಬೀಳಿಸುವುದು ಈ ಮೂರು ಹೊತ್ತಿನಲ್ಲೇ ಜಾಸ್ತಿ.

ಸೀಟಿನ ಎತ್ತರ ಕಾಗದದಲ್ಲಿ ನೋಡಿದರೆ ಎಲ್ಲ ಒಂದೇ ಅನ್ನಿಸುತ್ತದೆ. ಸ್ಪ್ಲೆಂಡರ್ 785 ಮಿಲಿಮೀಟರ್, ಕ್ಲಾಸಿಕ್ 805, ಯಮಹಾ ಆರ್15 ಆದರೆ 815. ಮೂರು ಸೆಂಟಿಮೀಟರಿನಲ್ಲಿ ಏನಿದೆ ಅಂತ ಕೇಳಬೇಡಿ. ಸಮತಟ್ಟಿನಲ್ಲಿ ಏನೂ ಇಲ್ಲ. ಏರಿನಲ್ಲಿ ನಿಂತಾಗ ಕಾಲಿಡುವ ಕಡೆ ನೆಲ ತಗ್ಗಾಗಿದ್ದರೆ, ಆ ಮೂರು ಸೆಂಟಿಮೀಟರಿಗೆ ಬೈಕು ವಾಲುತ್ತದೆ. ವಾಲಿದ ಮೇಲೆ ಹಿಡಿದು ನಿಲ್ಲಿಸಲು ಆಗುವುದಿಲ್ಲ. ಹಾಗಾಗಿ ದಿನಾ ಹಾಕುವ ಚಪ್ಪಲಿ ಹಾಕಿಕೊಂಡೇ ಶೋರೂಮಿಗೆ ಹೋಗಿ. ಕೂತು ಎರಡೂ ಪಾದ ನೆಲಕ್ಕೆ ತಾಗುತ್ತದಾ ನೋಡಿ. ಕಡೇ ಪಕ್ಷ ಪಾದದ ಮುಂಭಾಗ ಗಟ್ಟಿಯಾಗಿ ಊರಬೇಕು. ಕೂತಲ್ಲಿಂದಲೇ ಕಾಲಲ್ಲಿ ಹಿಂದಕ್ಕೆ ತಳ್ಳಿ. ಮಧ್ಯದ ಸ್ಟ್ಯಾಂಡ್ ನೀವೇ ಹಾಕಿ, ನೀವೇ ತೆಗೆಯಿರಿ. ಸೇಲ್ಸಿನ ಹುಡುಗ ಓಡಿ ಬಂದು ಸಹಾಯ ಮಾಡುತ್ತಾನೆ. ಬೇಡ ಅನ್ನಿ. ಮನೆಗೆ ಅವನು ಬರುವುದಿಲ್ಲ.

ಟೆಸ್ಟ್ ರೈಡ್ ಕೊಟ್ಟರೆ ನೇರ ರಸ್ತೆಯಲ್ಲಿ ನಾಲ್ಕನೇ ಗೇರಿಗೆ ಹಾಕಿ ಖುಷಿಪಡಬೇಡಿ. ಹತ್ತಿರ ಒಂದು ಏರು ಹುಡುಕಿ. ಮಧ್ಯದಲ್ಲಿ ನಿಲ್ಲಿಸಿ. ಎಡಗಾಲು ನೆಲಕ್ಕೆ, ಬಲಗಾಲು ಹಿಂದಿನ ಬ್ರೇಕಿನ ಮೇಲೆ. ಫಸ್ಟ್ ಗೇರು, ಕ್ಲಚ್ಚು ನಿಧಾನ ಬಿಡಿ. ಬೈಕು ಎಳೆಯಲು ಶುರು ಮಾಡಿತು ಅನ್ನಿಸಿದ ಮೇಲೆ ಬ್ರೇಕು ಬಿಡಿ. ಹಿಂದಕ್ಕೆ ಜಾರದೆ, ಎಂಜಿನ್ ಸಾಯದೆ, ಗೊರಗೊರ ಅನ್ನದೆ ಹೊರಟಿತಾ? ಸರಿ. ಈಗ ಹಿಂದೆ ಒಬ್ಬರನ್ನು ಕೂರಿಸಿಕೊಂಡು ಅದನ್ನೇ ಮಾಡಿ. ಇಲ್ಲಿ ನನ್ನ ಸ್ಪ್ಲೆಂಡರಿನ ವಿಷಯವನ್ನೂ ಹೇಳಿಬಿಡುತ್ತೇನೆ. 100 ಸಿಸಿ ಒಬ್ಬರಿಗೆ ಧಾರಾಳ ಸಾಕು. ಇಬ್ಬರು ಕೂತು, ಜೊತೆಗೆ 25 ಕಿಲೋ ಹಿಂಡಿ ಕಟ್ಟಿಕೊಂಡು ಕಡಿದಾದ ಏರು ಹತ್ತುವಾಗ ಅದಕ್ಕೂ ಕಷ್ಟ, ನೋಡುವವರಿಗೂ ಕಷ್ಟ. ಮನೆಯಲ್ಲಿ ಹಿಂದೆ ಕೂರುವವರು ಇದ್ದರೆ 125 ತಗೊಳ್ಳಿ. ಅದಕ್ಕಿಂತ ಮೇಲೆ ಮೊದಲ ಬೈಕಿಗೆ ಬೇಡ ಅನ್ನುವುದು ನನ್ನ ಅಭಿಪ್ರಾಯ. ನಮ್ಮ ಮನೆಯವರು ಇದನ್ನು ಒಪ್ಪುವುದಿಲ್ಲ. ಅವರು 150 ಪಾರ್ಟಿ.

ಬ್ರೇಕಿನ ವಿಷಯ ಸ್ವಲ್ಪ ತಿಳಿದುಕೊಳ್ಳಿ. 2019ರ ಏಪ್ರಿಲಿನಿಂದ ಮಾರುವ ಎಲ್ಲ ಹೊಸ ಬೈಕುಗಳಲ್ಲಿ 125 ಸಿಸಿಗಿಂತ ಮೇಲಿನವಕ್ಕೆ ಎಬಿಎಸ್, ಅದರ ಒಳಗಿನವಕ್ಕೆ ಸಿಬಿಎಸ್ ಆದರೂ ಇರಲೇಬೇಕು ಅಂತ ನಿಯಮ ಬಂತು. ಎಬಿಎಸ್ ಅಂದರೆ ಜೋರಾಗಿ ಬ್ರೇಕು ಹಿಡಿದರೂ ಚಕ್ರ ಸಿಕ್ಕಿಬಿದ್ದು ಜಾರದ ಹಾಗೆ ಅದೇ ಹಿಡಿದು ಬಿಟ್ಟು ಮಾಡುತ್ತದೆ. ಸಿಬಿಎಸ್ ಅಂದರೆ ಹಿಂದಿನ ಬ್ರೇಕು ಒತ್ತಿದಾಗ ಮುಂದಿನದ್ದೂ ಸ್ವಲ್ಪ ಹಿಡಿಯುತ್ತದೆ. ಅಂದು ನನ್ನ ಬೈಕಿನಲ್ಲಿ ಎರಡೂ ಇರಲಿಲ್ಲ. ಇದ್ದಿದ್ದರೂ ಒದ್ದೆ ಹಾಳೆಯ ಮೇಲೆ ಎಷ್ಟು ಉಳಿಸುತ್ತಿತ್ತು ಅನ್ನುವುದು ಬೇರೆ ಮಾತು. ದುಡ್ಡಿದ್ದರೆ ಮುಂದೆ ಡಿಸ್ಕ್ ಇರುವ ಮಾಡೆಲ್ ತಗೊಳ್ಳಿ. ಡ್ರಮ್ಮಿನೊಳಗೆ ನೀರು ಹೋದರೆ ಸ್ವಲ್ಪ ಹೊತ್ತು ಬ್ರೇಕು ಹಿಡಿಯುವುದಿಲ್ಲ, ನಮ್ಮಲ್ಲಿ ಮಳೆಗಾಲದಲ್ಲಿ ರಸ್ತೆಯೇ ತೋಡು.

ಇಳಿಜಾರಿನಲ್ಲಿ ಪೆಟ್ರೋಲು ಉಳಿಸಲು ಎಂಜಿನ್ ಆಫ್ ಮಾಡಿ ನ್ಯೂಟ್ರಲ್‌ನಲ್ಲಿ ಬಿಡುವವರು ನಮ್ಮೂರಲ್ಲಿ ಬೇಕಾದಷ್ಟು. ನಮ್ಮ ಅಪ್ಪನೂ ಹಾಗೇ ಮಾಡುತ್ತಿದ್ದರು. ಗೇರಿನಲ್ಲಿದ್ದರೆ ಎಂಜಿನ್ನೇ ಬೈಕನ್ನು ಹಿಡಿದಿಡುತ್ತದೆ. ಯಾವ ಗೇರಿನಲ್ಲಿ ಹತ್ತುತ್ತೀರೋ ಅದೇ ಗೇರಿನಲ್ಲಿ ಇಳಿಯಿರಿ. ಉಳಿಯುವ ಪೆಟ್ರೋಲು ಒಂದು ಚಮಚ ಇರಬಹುದು.

ಹೊಸದಾ, ಸೆಕೆಂಡ್ ಹ್ಯಾಂಡಾ? ನನ್ನ ಮಾತು ಕೇಳಿದರೆ ಸೆಕೆಂಡ್ ಹ್ಯಾಂಡ್. ಮೊದಲ ಬೈಕು ಹೇಗೂ ಒಂದೆರಡು ಸಲ ಬೀಳುತ್ತದೆ. ಹೊಸ ಟ್ಯಾಂಕಿಗೆ ಗೀರು ಬಿದ್ದರೆ ಆಗುವ ಸಂಕಟ ಹಳೆಯದಕ್ಕೆ ಆಗುವುದಿಲ್ಲ. ನಮ್ಮ ಹುಡುಗ ಒಂದು ವರ್ಷ ಶನಿವಾರ, ಭಾನುವಾರ ಅಡಿಕೆ ಸುಲಿದು ದಿನಕ್ಕೆ 100 ರೂಪಾಯಿಯ ಲೆಕ್ಕದಲ್ಲಿ ನನ್ನ ಕೈಯಲ್ಲೇ ಪಿಗ್ಮಿ ಕಟ್ಟಿದ್ದ, ಅವನ ಅಮ್ಮನ ಹೆಸರಿನಲ್ಲಿ. ವರ್ಷಕ್ಕೆ 36,500. ಅದರ ಮೇಲೆ ಅಜ್ಜ ಸ್ವಲ್ಪ ಹಾಕಿದರು. ಸಾಲ ಬೇಡ ಅಂತ ನಾನೇ ಹೇಳಿದೆ. ಸಹಕಾರಿ ಸಂಘದವಳು ಹೀಗೆ ಹೇಳಬಾರದು, ಇರಲಿ. ಒಂದು ವಿಷಯ ನೆನಪಿಡಿ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿ ತನಕದ ಬೈಕುಗಳ ಜಿಎಸ್‌ಟಿ ಶೇಕಡಾ 28ರಿಂದ 18ಕ್ಕೆ ಇಳಿದಿದೆ. ಹೊಸದರ ರೇಟೇ ಇಳಿದ ಮೇಲೆ ಹಳೆಯದಕ್ಕೆ ಹಳೇ ರೇಟು ಹೇಳಿದರೆ ಚೌಕಾಶಿ ಮಾಡಿ.

ಹಳೆಯ ಬೈಕು ನೋಡಲು ಬೆಳಿಗ್ಗೆ ಬೇಗ ಹೋಗಿ. ಹೋಗಿ ಮೊದಲು ಎಂಜಿನ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ನಿಮಗಿಂತ ಮೊದಲೇ ಯಾರೋ ಸ್ಟಾರ್ಟ್ ಮಾಡಿ ಇಟ್ಟಿದ್ದಾರೆ. ತಣ್ಣಗಿದ್ದಾಗ ಸ್ಟಾರ್ಟ್ ಆಗುವುದನ್ನು ನೋಡುವುದೇ ಮುಖ್ಯ. ಸೈಲೆನ್ಸರಿನಿಂದ ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ, ಬೇಡ. ಮಧ್ಯದ ಸ್ಟ್ಯಾಂಡ್ ಹಾಕಿ ಮುಂದಿನ ಚಕ್ರ ಎತ್ತಿಸಿ. ಹ್ಯಾಂಡಲನ್ನು ಮೆಲ್ಲ ಆ ಕಡೆ ಈ ಕಡೆ ತಿರುಗಿಸಿ. ಮಧ್ಯದಲ್ಲಿ 'ಟಕ್' ಅಂತ ಸಿಕ್ಕಿದ ಹಾಗಾದರೆ ಹ್ಯಾಂಡಲಿನ ಬೇರಿಂಗ್ ಹೋಗಿದೆ. ಮುಂದಿನ ಫೋರ್ಕಿನ ಹೊಳೆಯುವ ಭಾಗಕ್ಕೆ ಬೆರಳು ಸವರಿ. ಎಣ್ಣೆ ಹತ್ತಿದರೆ ಸೀಲ್ ಹೋಗಿದೆ. ಹಿಂದೆ ಚೈನ್ ಕೂರುವ ಹಲ್ಲಿನ ಚಕ್ರ, ಅಂದರೆ ಸ್ಪ್ರಾಕೆಟ್ಟಿನ ಹಲ್ಲು ಮೀನಿನ ಗಾಳದ ಹಾಗೆ ಬಾಗಿದ್ದರೆ ಚೈನ್ ಸೆಟ್ಟೇ ಬದಲಿಸಬೇಕು. ಇವೆಲ್ಲ ರಿಪೇರಿಯಾಗುವ ಸಂಗತಿ, ರೇಟು ಇಳಿಸಿದರೆ ತಗೊಳ್ಳಬಹುದು. ಟೈರಿನ ಬದಿಯಲ್ಲಿ ನಾಲ್ಕು ಅಂಕೆ ಇರುತ್ತದೆ. 2322 ಅಂತ ಇದ್ದರೆ 2022ರ 23ನೇ ವಾರದಲ್ಲಿ ಮಾಡಿದ ಟೈರು. ಟೈರಿನ ಮೇಲಿನ ಗುಂಡಿ (ಟ್ರೆಡ್) ಆಳ ಇದ್ದರೂ ಐದಾರು ವರ್ಷದ ರಬ್ಬರು ಗಟ್ಟಿಯಾಗಿರುತ್ತದೆ, ಒದ್ದೆಯಲ್ಲಿ ಹಿಡಿಯುವುದಿಲ್ಲ.

ಮಂಜೇಶ್ವರ, ಉಪ್ಪಳ, ಕುಂಬಳೆಯ ಕಡಲ ಬದಿಯಲ್ಲಿ ಓಡಿದ ಬೈಕಾದರೆ ಅಡಿ ನೋಡದೆ ತಗೊಳ್ಳಬೇಡಿ. ಮೇಲೆ ಪೇಂಟು ಹೊಳೆಯುತ್ತಿರುತ್ತದೆ, ಸೀಟಿನ ಅಡಿಯಲ್ಲಿ, ಹಿಂದಿನ ಚಕ್ರ ಹಿಡಿದಿರುವ ಸ್ವಿಂಗ್ ಆರ್ಮಿನ ಒಳಗೆ ಉಪ್ಪುಗಾಳಿ ತಿಂದಿರುತ್ತದೆ. ಸೀಟು ತೆಗೆಸಿ, ಮೊಬೈಲು ಟಾರ್ಚು ಹಾಕಿ ನೋಡಿ.

ಇನ್ನು ಗಡಿಯ ಕಥೆ. ನಮಗೆ ಪುತ್ತೂರು, ವಿಟ್ಲ, ಮಂಗಳೂರು ಎಲ್ಲ ಹತ್ತಿರ. ಮದುವೆಯ ಸೀರೆ, ಆಸ್ಪತ್ರೆ, ಕಾಲೇಜು ಎಲ್ಲದಕ್ಕೂ ಆ ಕಡೆ ಹೋಗುವವರು. ಹಾಗೇ ಬೈಕೂ ಆ ಕಡೆಯಿಂದ ತರೋಣ ಅನ್ನಿಸುತ್ತದೆ. ನನ್ನ ಮೈದುನ ಹಾಗೇ ಒಂದು ಕೆಎ ನಂಬರಿನ ಬೈಕು ತಂದ. ಮಾರಿದವನು ಒಂದು ಫಾರಂಗೆ ಸಹಿ ಹಾಕಿ, ದುಡ್ಡು ಎಣಿಸಿ, ಮುಂದಿನ ವಾರ ಗಲ್ಫಿಗೆ ಹಾರಿದ. ಆಮೇಲೆ ನೋಡಿದರೆ ಆರ್‌ಸಿಯಲ್ಲಿ ಸಾಲದ ನಮೂದು ಹಾಗೇ ಇದೆ. ಸಾಲ ತೀರಿದೆಯಂತೆ, ತೀರಿದ್ದಕ್ಕೆ ಕಾಗದ ಇಲ್ಲ. ಒಂದೂವರೆ ವರ್ಷ ಆ ಬೈಕು ಕೊಟ್ಟಿಗೆಯಲ್ಲಿ ದನದ ಪಕ್ಕ ನಿಂತಿತು. ಪೊಲೀಸರು ಇಲ್ಲದ ದಾರಿಯಲ್ಲಿ ಮಾತ್ರ ಓಡಾಟ.

ಹೊರಗಿನ ರಾಜ್ಯದ ಬೈಕನ್ನು 12 ತಿಂಗಳಿಗಿಂತ ಜಾಸ್ತಿ ಇಲ್ಲಿ ಇಟ್ಟುಕೊಂಡರೆ ಇಲ್ಲಿನ ನಂಬರು ಮಾಡಿಸಲೇಬೇಕು ಅಂತ ಮೋಟಾರು ವಾಹನ ಕಾಯ್ದೆಯೇ ಹೇಳುತ್ತದೆ. ಅದಕ್ಕೆ ಮೊದಲು ಆ ಕಡೆಯ ಆರ್‌ಟಿಒದಿಂದ ಆಕ್ಷೇಪಣೆ ಇಲ್ಲ ಅನ್ನುವ ಪತ್ರ, ಅಂದರೆ ಎನ್‌ಒಸಿ ಬೇಕು, ಅದು ಫಾರಂ 28. ಮಾಲಕರ ಹೆಸರು ಬದಲಿಸಲು 29 ಮತ್ತು 30. ಹೊಸ ನಂಬರಿಗೆ 27. ಸಾಲ ಇದ್ದ ಬೈಕಾದರೆ ಸಾಲ ಕೊಟ್ಟವರ ಸಹಿ ಇರುವ 35. ಮತ್ತೆ ಕೇರಳದ ತೆರಿಗೆ. ಆ ಕಡೆ ಕಟ್ಟಿದ್ದನ್ನು ವಾಪಸ್ ಕೇಳುವುದಾದರೆ ಅದಕ್ಕೆ ಬೇರೆ ಓಡಾಟ. ಐದು ಸಾವಿರ ಕಮ್ಮಿಗೆ ಸಿಕ್ಕಿತು ಅಂತ ತಂದವರು ಅಷ್ಟನ್ನೂ ಬಸ್ಸಿಗೆ, ಜೆರಾಕ್ಸಿಗೆ ಹಾಕುತ್ತಾರೆ. ಮೊದಲ ಬೈಕಿಗೆ ಸುಮ್ನೆ ಕೆಎಲ್ 14 ನಂಬರಿನದ್ದೇ ಹುಡುಕಿ. ಪರಿವಾಹನ್ ವೆಬ್‌ಸೈಟಿನಲ್ಲಿ ನಂಬರು ಹಾಕಿ ಬಾಕಿ ದಂಡ ಇದೆಯಾ ನೋಡಿ. ಕೇರಳದಲ್ಲಿ 2023ರ ಜೂನ್ 5ರಿಂದ ಎಐ ಕ್ಯಾಮೆರಾ ದಂಡ ಹಾಕುತ್ತಿದೆ. ಹಳೆಯ ಮಾಲಕ ಹೆಲ್ಮೆಟ್ ಇಲ್ಲದೆ ಓಡಾಡಿದ್ದರ ಲೆಕ್ಕ ನಿಮ್ಮ ತಲೆಗೆ ಬೇಡ. ಬೈಕಿನ ಚೌಕಟ್ಟಿನಲ್ಲಿ ಕೊರೆದ ಚಾಸಿಸ್ ನಂಬರು ಆರ್‌ಸಿಯೊಂದಿಗೆ ಹೊಂದುತ್ತದಾ ಅಂತ ನೀವೇ ಕೂತು ಓದಿ. ಮಣ್ಣು ಮೆತ್ತಿದ್ದರೆ ಬಟ್ಟೆಯಲ್ಲಿ ಒರೆಸಿ ಓದಿ.

ಹೊಸದೇ ತಗೊಳ್ಳುವವರು ಬಿಲ್ಲನ್ನು ಸಾಲು ಸಾಲಾಗಿ ಓದಿ. ಗೊತ್ತಾಗದ ಹೆಸರಿನ ಚಾರ್ಜ್ ಇದ್ದರೆ ಏನು ಅಂತ ಕೇಳಿ. ನಾವು ಕೇಳಿದಲ್ಲಿ ಒಂದು ಚಾರ್ಜ್ ಹಾಗೇ ಮಾಯವಾಯಿತು. ಥರ್ಡ್ ಪಾರ್ಟಿ ಇನ್ಶೂರೆನ್ಸ್ ಐದು ವರ್ಷಕ್ಕೆ ಒಟ್ಟಿಗೇ ಕಟ್ಟಿಸಿಕೊಳ್ಳುತ್ತಾರೆ, ಅದು ಕಾನೂನು. ನಿಮ್ಮ ಬೈಕಿಗೆ ಆಗುವ ಹಾನಿಯ ಇನ್ಶೂರೆನ್ಸ್ ಹೆಚ್ಚಾಗಿ ಒಂದೇ ವರ್ಷದ್ದು. ಐದು ವರ್ಷ ಎಲ್ಲ ಇದೆ ಅಂದುಕೊಂಡು ಎರಡನೇ ವರ್ಷ ಬಿದ್ದವರು ನನ್ನ ಪಿಗ್ಮಿ ಗಿರಾಕಿಗಳಲ್ಲೇ ಇದ್ದಾರೆ.

ಲೈಸೆನ್ಸಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಗೇರಿನ ಬೈಕಿಗೆ 18 ತುಂಬಿರಬೇಕು. ಅದಕ್ಕೆ ಮೊದಲು ಕೊಟ್ಟರೆ 25,000 ದಂಡವೂ ಜೈಲೂ ಅಪ್ಪ ಅಮ್ಮನಿಗೆ. ಇಲ್ಲಿ ತುಂಬಾ ವರ್ಷ ಬಜಾಜ್ ಎಂ80 ಓಡಿಸಿ, ಪರೀಕ್ಷೆಯಲ್ಲಿ 8ರ ಆಕಾರ ಸುತ್ತಿ ಲೈಸೆನ್ಸ್ ಮಾಡಿದವರೇ ಜಾಸ್ತಿ, ನಾನೂ ಅವರಲ್ಲೊಬ್ಬಳು. ಅದರ ಗೇರು ಕೈಯಲ್ಲಿ. 2024ರ ಆಗಸ್ಟಿನಿಂದ ಅದು ನಿಂತು, ಈಗ ಕಾಲಲ್ಲಿ ಗೇರು ಹಾಕುವ ಬೈಕೇ ಬೇಕು. ಒಳ್ಳೆಯದೇ ಆಯಿತು. ಆದರೂ ಆ 8ರ ಮೈದಾನ ಸಮತಟ್ಟು. ಏರು ಮನೆಯಲ್ಲೇ ಕಲಿಯಬೇಕು.

ಹೆಲ್ಮೆಟ್ಟಿಗೆ ದುಡ್ಡು ಮೊದಲೇ ತೆಗೆದಿಡಿ, ಬೈಕಿನ ಬಜೆಟಿನಲ್ಲಿ ಉಳಿದದ್ದರಲ್ಲಿ ತಗೊಳ್ಳುವುದು ಬೇಡ. ಐಎಸ್‌ಐ ಗುರುತು, ಅದರ ಜೊತೆ ಐಎಸ್ 4151 ಅಂತ ಇರಬೇಕು. ಹಾಕಿ ತಲೆ ಅಲ್ಲಾಡಿಸಿದರೆ ಕೆನ್ನೆಯೂ ಜೊತೆಗೆ ಅಲ್ಲಾಡಬೇಕು. ವೈಸರ್ ಬಿಳಿಯದ್ದೇ ಇರಲಿ. ಮಳೆಗಾಲದ ಸಂಜೆ ಐದಕ್ಕೇ ನಮ್ಮ ತೋಟದ ದಾರಿ ಕತ್ತಲು, ಕಪ್ಪು ವೈಸರ್ ಹಾಕಿದರೆ ಏನೂ ಕಾಣುವುದಿಲ್ಲ.

ಮತ್ತೊಂದು ಸಣ್ಣ ಸಂಗತಿಗೆ ಹುಡುಗನೂ ನಾನೂ ಜಗಳವಾಡಿದೆವು. ಸೀರೆ ಗಾರ್ಡ್. ಅದು ಇದ್ದರೆ ಬೈಕು 'ಅಂಕಲ್ ಬೈಕು' ಥರ ಕಾಣುತ್ತದಂತೆ, ಬಿಚ್ಚಿಸುತ್ತೇನೆ ಅಂದ. ಹಿಂದೆ ಕೂರುವವರಿಗೆ ಹಿಡಿಕೆ, ಕಾಲಿಡುವ ಜಾಗ, ಚಕ್ರಕ್ಕೆ ಬಟ್ಟೆ ಸಿಕ್ಕದ ಹಾಗೆ ಮರೆ, ಇಷ್ಟೂ ಇರಬೇಕು ಅಂತ ನಿಯಮವೇ ಇದೆ. ಆದರೆ ನಾನು ನಿಯಮ ಹೇಳಲಿಲ್ಲ. "ಹಿಂದೆ ಕೂರುವುದು ನಿನ್ನ ಅಮ್ಮ, ಅವಳು ಸೀರೆ ಉಡುವವಳು" ಅಂದೆ. ಬಿಚ್ಚಲಿಲ್ಲ.

ಕೊನೆಗೆ ನೀರ್ಚಾಲಿನ ಕಡೆಯಿಂದ ನಾಲ್ಕು ವರ್ಷ ಹಳೆಯ 125 ಸಿಸಿಯ ಒಂದು ಬೈಕು ಸಿಕ್ಕಿತು. ಒಬ್ಬರೇ ಮಾಲಕರು, ಕೆಎಲ್ 14. ಮುಂದಿನ ಟೈರು ಗಟ್ಟಿಯಾಗಿತ್ತು, ಅದನ್ನು ಹೇಳಿ ಎರಡು ಸಾವಿರ ಇಳಿಸಿ, ತಂದ ಮರುದಿನವೇ ಹೊಸ ಟೈರು ಹಾಕಿಸಿದೆವು. ಮೊದಲ ತಿಂಗಳು ಅವನಿಗೆ ಬದಿಯಡ್ಕದ ತನಕ ಮಾತ್ರ ಪರವಾನಗಿ. ಕುಂಬಳೆಗೆ ಹೋಗಿ ಹೈವೇಯ ಸರ್ವಿಸ್ ರಸ್ತೆಗೆ ಇಳಿಯುವುದು ಬೇಡ ಅಂದಿದ್ದೇನೆ. ಅಲ್ಲಿ ಎದುರಿನಿಂದ ಯಾವುದು ಬರುತ್ತದೆ ಅಂತ ಹಳಬರಿಗೇ ಗೊತ್ತಾಗುವುದಿಲ್ಲ. ದಿನಾ ಸಂಜೆ ಏರಿನ ಮಧ್ಯ ನಿಲ್ಲಿಸಿ ಹೊರಡಿಸುವುದು ಹತ್ತು ಸಲ. ವಾರಕ್ಕೊಮ್ಮೆ ಚೈನಿಗೆ ಎಣ್ಣೆ, ಮಳೆ ಶುರುವಾದರೆ ವಾರಕ್ಕೆ ಎರಡು ಸಲ.

ಒಂದು ಸಲ ಬಿದ್ದಾಯಿತು. ಅಂಗಳದಲ್ಲೇ, ನಿಂತಲ್ಲೇ, ಸೈಡ್ ಸ್ಟ್ಯಾಂಡ್ ಹಾಕಿದ್ದೇನೆ ಅಂದುಕೊಂಡು ಇಳಿದನಂತೆ. ಬೆನ್ನು ಕೊಟ್ಟು ಒಬ್ಬನೇ ಎಬ್ಬಿಸಿದ್ದಾನೆ. ಮೊನ್ನೆ ಭಾನುವಾರ ಅಕ್ಕ ಮೊದಲ ಸಲ ಹಿಂದೆ ಕೂತು ಪೆರ್ಲಕ್ಕೆ ಹೋಗಿ ಮೀನು ತಗೊಂಡು ಬಂದಳು. ಬರುವಾಗ ಏರಿನ ಬುಡದಲ್ಲಿ ಇಳಿದು, "ನೀನು ಹೋಗು, ನಾನು ನಡೆದು ಬರ್ತೇನೆ" ಅಂದಳಂತೆ. ಮೀನಿನ ಚೀಲ ಮಾತ್ರ ಬೈಕಲ್ಲಿ ಹತ್ತಿತು.